ಶವಾಗಾರದಲ್ಲಿ ನಡೆಯುವ ಸೀರಿಯಲ್ ಕಿಲ್ಲರ್ ಸಿನಿಮಾ ಮಾಡುವುದು ಹೇಗೆ: ಬೆಂಗಳೂರಿನ ಹೊಸ ನಿರ್ದೇಶಕರಿಗೆ ಸಮಗ್ರ ಮಾರ್ಗದರ್ಶಿ

ರಿಜಿಸ್ಟರ್‌ನಲ್ಲಿ 11 ಬಾಡಿ. ಫ್ರೀಜರ್‌ನಲ್ಲಿ 12.

ರಾತ್ರಿ ಪಾಳಿಯ ನೌಕರ ಎರಡು ಸಲ ಎಣಿಸುತ್ತಾನೆ. ಮೂರನೇ ಸಲ ಎಣಿಸಲು ಅವನಿಗೆ ಧೈರ್ಯ ಬರುವುದಿಲ್ಲ. ಸಿನಿಮಾ ಶುರುವಾಗಲು ಇಷ್ಟು ಸಾಕು. ಇನ್ನೂ ಚಾಕು ಕಂಡಿಲ್ಲ, ಯಾರೂ ಕಿರುಚಿಲ್ಲ, ಆದರೂ ನೋಡುವವರ ಬೆನ್ನು ತಣ್ಣಗಾಗಿದೆ. ಕಾರಣ ಒಂದೇ. ಶವಾಗಾರದಲ್ಲಿ ಲೆಕ್ಕ ತಪ್ಪಬಾರದು ಅಂತ ಎಲ್ಲರಿಗೂ ಗೊತ್ತು.

ಈ ಮಾರ್ಗದರ್ಶಿಯಲ್ಲಿ ಈ ಒಂದು ಕಥೆಯನ್ನೇ ಉದಾಹರಣೆಯಾಗಿ ಹಿಡಿದು ಕೊನೆವರೆಗೂ ಹೋಗೋಣ. ನನ್ನ ನಂಬಿಕೆ ಇಷ್ಟು: ಶವಾಗಾರದ ಕೆಲಸದ ಕ್ರಮ ಸರಿಯಾಗಿ ಗೊತ್ತಿದ್ದರೆ ಅರ್ಧ ಚಿತ್ರಕಥೆ ಅದರೊಳಗೇ ಇರುತ್ತದೆ. ಗೊತ್ತಿಲ್ಲದಿದ್ದರೆ ಎಷ್ಟು ರಕ್ತ ಸುರಿದರೂ ಭಯ ಹುಟ್ಟುವುದಿಲ್ಲ.

ಹಂತ 1: ಒಂದು ಬಾಡಿ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ

ಸ್ಕ್ರಿಪ್ಟ್ ಬರೆಯುವ ಮೊದಲು ಇದನ್ನು ಕಲಿಯಿರಿ. ಒಬ್ಬರು ಅಸಹಜವಾಗಿ ಸತ್ತರೆ ಆ ಜಾಗ ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಅಸ್ವಾಭಾವಿಕ ಸಾವಿನ ಪ್ರಕರಣ ದಾಖಲಾಗುತ್ತದೆ. ಠಾಣೆಯಲ್ಲಿ ಇದನ್ನು ಯುಡಿಆರ್ ಅನ್ನುತ್ತಾರೆ. ಪೊಲೀಸರು ಇಬ್ಬರು ಪಂಚರನ್ನು ಕರೆದು ಶವ ಪಂಚನಾಮೆ ಮಾಡುತ್ತಾರೆ. ಹಿಂದೆ ಇದು ಸಿಆರ್‌ಪಿಸಿಯ 174ನೇ ಕಲಂ ಪ್ರಕಾರ ನಡೆಯುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಬಂದಿದೆ. ನಿಮ್ಮ ಕಥೆ ಇವತ್ತು ನಡೆಯುವುದಾದರೆ ಪಾತ್ರದ ಬಾಯಲ್ಲಿ 174 ಬರಬಾರದು. ಹಾಗೆಯೇ ಕೊಲೆಗೆ 302 ಅಲ್ಲ, ಈಗ ಭಾರತೀಯ ನ್ಯಾಯ ಸಂಹಿತೆಯ 103. ಆದರೆ ವಯಸ್ಸಾದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅಭ್ಯಾಸಬಲದಿಂದ 302 ಅಂದು, ಹೊಸಬರು ತಿದ್ದಿದರೆ? ಒಂದು ಸಾಲಿನಲ್ಲಿ ಎರಡು ಪಾತ್ರ ಸಿಕ್ಕಿತು.

ಪಂಚನಾಮೆ ಆದಮೇಲೆ ಪೊಲೀಸರು ಮರಣೋತ್ತರ ಪರೀಕ್ಷೆಗೆ, ಅಂದರೆ ಪಿ.ಎಂ.ಗೆ, ಕೋರಿಕೆ ಪತ್ರ ಬರೆಯುತ್ತಾರೆ. ಬಾಡಿ ಜೊತೆ ಪೇದೆಯೊಬ್ಬರು ಬರುತ್ತಾರೆ. ರಿಜಿಸ್ಟರ್‌ನಲ್ಲಿ ಎಂಟ್ರಿ ಆಗುತ್ತದೆ, ಬಾಡಿಗೆ ನಂಬರ್ ಬರೆದ ಚೀಟಿ ಕಟ್ಟುತ್ತಾರೆ. ಪಿ.ಎಂ. ಮುಗಿದಮೇಲೆ ಬಾಡಿಯನ್ನು ಮತ್ತೆ ಪೊಲೀಸರಿಗೇ ಒಪ್ಪಿಸುತ್ತಾರೆ, ಪೊಲೀಸರು ಮನೆಯವರಿಗೆ ಕೊಡುತ್ತಾರೆ. ವಿಷದ ಅನುಮಾನ ಇದ್ದರೆ ಹೊಟ್ಟೆಯ ಅಂಗಾಂಶಗಳನ್ನು ಗಟ್ಟಿ ಉಪ್ಪುನೀರಿನ ಬಾಟಲಿಯಲ್ಲಿಟ್ಟು, ಸೀಲ್ ಮಾಡಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಪ್ರತಿ ಹೆಜ್ಜೆಗೂ ಒಂದು ಕಾಗದ, ಪ್ರತಿ ಕಾಗದಕ್ಕೂ ಒಂದು ಸಹಿ. ಈ ಸರಪಳಿಯಲ್ಲಿ ಎಲ್ಲಿ ಒಂದು ಕೊಂಡಿ ಬಿಟ್ಟಿದೆ ಅಂತ ಹುಡುಕುವವನೇ ನಿಮ್ಮ ಕೊಲೆಗಾರ.

ಈಗ ನನಗೆ ತುಂಬ ಇಷ್ಟವಾದ ನಿಯಮಕ್ಕೆ ಬರುತ್ತೇನೆ. 2021ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಸೌಲಭ್ಯ ಇರುವ ಆಸ್ಪತ್ರೆಗಳಲ್ಲಿ ಸೂರ್ಯ ಮುಳುಗಿದ ಮೇಲೂ ಪಿ.ಎಂ. ಮಾಡಬಹುದು ಎಂದಿತು. ಆದರೆ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ, ಸಂಶಯದ ಸಾವು, ಇವುಗಳಿಗೆ ರಾತ್ರಿ ಅವಕಾಶ ಇಲ್ಲ. ಕಾನೂನು ಸುವ್ಯವಸ್ಥೆಯ ತುರ್ತು ಇದ್ದರೆ ಮಾತ್ರ ಬೇರೆ ಮಾತು. ಅಂದರೆ ಏನಾಯಿತು? ಕೊಲೆಯ ಅನುಮಾನ ಇರುವ ಬಾಡಿ ಸಂಜೆ 7ಕ್ಕೆ ಬಂದರೆ ಬೆಳಗಿನವರೆಗೂ ಕಾಯಬೇಕು. ಸತ್ಯ ಹೇಳಬಲ್ಲ ಬಾಡಿ ಒಳಗೆ ಮಲಗಿದೆ. ಅದನ್ನು ತೆರೆದು ನೋಡುವ ಡಾಕ್ಟರ್ ಬರುವುದು ಬೆಳಿಗ್ಗೆ. ಅಷ್ಟರೊಳಗೆ ಅದನ್ನು ಮಾಯ ಮಾಡಬೇಕಾದವನು ಹೊರಗಿದ್ದಾನೆ. ನಿಮ್ಮ ಸಿನಿಮಾ ಆ ಒಂದು ರಾತ್ರಿ.

ಇನ್ನು ಅಪರಿಚಿತ ಶವಗಳ ವಿಷಯ. ಪೇಪರ್‌ನಲ್ಲಿ ಬರುವ ಸಣ್ಣ ಪ್ರಕಟಣೆಗಳನ್ನು ಓದಿದ್ದೀರಾ? 'ಸುಮಾರು 45 ವರ್ಷ, ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು, ನೀಲಿ ಗೆರೆಯ ಶರ್ಟ್.' ಒಂದು ಇಡೀ ಬದುಕು ಮೂರು ಸಾಲಿಗೆ ಇಳಿದಿರುತ್ತದೆ. ವಾರಸುದಾರರು ಬರದಿದ್ದರೆ ಪೊಲೀಸರೇ ಅಂತ್ಯಸಂಸ್ಕಾರ ಮಾಡಿಸುತ್ತಾರೆ, ಇಲ್ಲವೇ 1957ರ ಕರ್ನಾಟಕ ಅಂಗರಚನಾಶಾಸ್ತ್ರ ಕಾಯ್ದೆಯಡಿ ಕೆಲವು ಶವಗಳು ವೈದ್ಯಕೀಯ ಕಾಲೇಜಿಗೆ ಹೋಗುತ್ತವೆ. ನಮ್ಮ 12ನೇ ಬಾಡಿ ಇಲ್ಲಿ ಬಚ್ಚಿಟ್ಟುಕೊಂಡಿದೆ. ಯಾರೂ ಹುಡುಕಿ ಬಾರದವರ ನಡುವೆ ಇನ್ನೊಬ್ಬರನ್ನು ಸೇರಿಸಿದರೆ, ಸರ್ಕಾರದ ಕೈಯಲ್ಲೇ ಸಾಕ್ಷಿ ಸುಟ್ಟುಹೋಗುತ್ತದೆ.

ಇದನ್ನೆಲ್ಲ ಕಲಿಯುವುದು ಎಲ್ಲಿ? ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳು ಮಾರಿಹೋದ ವಿಧಿವಿಜ್ಞಾನದ ಪಠ್ಯಗಳು ಕಡಿಮೆ ಬೆಲೆಗೆ ಸಿಗುತ್ತವೆ. ಒಂದು ತೆಗೆದುಕೊಳ್ಳಿ. ನಿವೃತ್ತ ವಿಧಿವಿಜ್ಞಾನ ವೈದ್ಯರೊಬ್ಬರನ್ನು ಸಲಹೆಗಾರರಾಗಿ ಕೇಳಿಕೊಳ್ಳಿ, ಸಂಭಾವನೆ ಕೊಡಿ, ಟೈಟಲ್ ಕಾರ್ಡ್‌ನಲ್ಲಿ ಹೆಸರು ಹಾಕಿ. ನಿಜವಾದ ಪ್ರಕರಣಗಳ ಫೋಟೊ ಮಾತ್ರ ಕೇಳಬೇಡಿ. ಅದು ಯಾರದೋ ಮನೆಯವರ ಮುಖ.

ಶವಾಗಾರದ ಹೊರಗೆ ಒಂದು ಬೆಳಿಗ್ಗೆ ಸುಮ್ನೆ ನಿಂತು ನೋಡುವುದು ಇನ್ನೂ ಒಳ್ಳೆಯದು. ಕ್ಯಾಮೆರಾ ಬೇಡ, ಫೋನ್ ಜೇಬಿನಲ್ಲೇ ಇರಲಿ. ಮರದ ಕೆಳಗೆ ಕಾಯುವ ಮನೆಯವರು, ಕೈಯಲ್ಲಿ ಹಾರ ಹಿಡಿದು ಎಲ್ಲಿ ಇಡಬೇಕೆಂದು ತಿಳಿಯದ ಹುಡುಗ, ಝೆರಾಕ್ಸ್‌ಗೆ ಓಡುವ ಭಾವಮೈದುನ. ಅಲ್ಲಿ ಕೆಲಸ ಮಾಡುವವರ ಬಾಯಲ್ಲಿ 'ಹೆಣ' ಅನ್ನುವ ಮಾತು ಕಡಿಮೆ, 'ಬಾಡಿ' ಜಾಸ್ತಿ. ಮನೆಯವರು ಇನ್ನೂ 'ನಮ್ಮಣ್ಣ' ಅನ್ನುತ್ತಿರುತ್ತಾರೆ. ಈ ಎರಡು ಮಾತುಗಳ ನಡುವಿನ ದೂರ ನಿಮ್ಮ ಸಂಭಾಷಣೆಯಲ್ಲಿ ಬರಬೇಕು.

ಹಂತ 2: ಬಾಡಿಯ ಗಡಿಯಾರ

ಕ್ಲೂ ಎಲ್ಲಿಂದ ತರುವುದು ಅಂತ ಒದ್ದಾಡಬೇಡಿ. ಸತ್ತ ದೇಹ ತನ್ನದೇ ಸಮಯ ತೋರಿಸುತ್ತದೆ.

ಹೃದಯ ನಿಂತಮೇಲೆ ರಕ್ತ ಭಾರಕ್ಕೆ ಕೆಳಗಿಳಿಯುತ್ತದೆ. ನೆಲಕ್ಕೆ ಹತ್ತಿರ ಇರುವ ಕಡೆ ಚರ್ಮ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಡಾಕ್ಟರ್‌ಗಳು ಇದಕ್ಕೆ ಲಿವಿಡಿಟಿ ಅನ್ನುತ್ತಾರೆ. ಸುಮಾರು 6ರಿಂದ 12 ಗಂಟೆಯೊಳಗೆ ಈ ಕಲೆ ಗಟ್ಟಿಯಾಗುತ್ತದೆ. ಆಮೇಲೆ ಬಾಡಿಯನ್ನು ಹೇಗೆ ತಿರುಗಿಸಿದರೂ ಕಲೆ ಜಾಗ ಬದಲಿಸುವುದಿಲ್ಲ. ನೆಲಕ್ಕೆ ಗಟ್ಟಿಯಾಗಿ ಒತ್ತಿಕೊಂಡ ಭಾಗ ಮಾತ್ರ ಬಿಳಿಚಿಕೊಂಡೇ ಉಳಿಯುತ್ತದೆ. ನಮ್ಮ 12ನೇ ಬಾಡಿ ಟ್ರೇ ಮೇಲೆ ಅಂಗಾತ ಮಲಗಿದೆ, ಆದರೆ ನೇರಳೆ ಕಲೆ ಎದೆಯ ಮೇಲಿದೆ. ಹಾಗಾದರೆ ಸತ್ತಮೇಲೆ ತುಂಬ ಹೊತ್ತು ಬೋರಲಾಗಿ ಬಿದ್ದಿತ್ತು, ಆಮೇಲೆ ಯಾರೋ ತಂದು ಇಲ್ಲಿಟ್ಟಿದ್ದಾರೆ. ರಾತ್ರಿ ಪಾಳಿಯ ನೌಕರ ಡಾಕ್ಟರ್ ಅಲ್ಲ. ಆದರೆ ಇಪ್ಪತ್ತು ವರ್ಷ ಇದನ್ನೇ ನೋಡಿದವನು. ಬಟ್ಟೆ ಸರಿಸಿದ ತಕ್ಷಣ ಅವನಿಗೆ ಗೊತ್ತಾಗುತ್ತದೆ. ಪ್ರೇಕ್ಷಕರಿಗೆ ಗೊತ್ತಾಗುವುದು ಅವನ ಮುಖದಿಂದ.

ನನ್ನ ಮೊದಲ ಕಿರುಚಿತ್ರದಲ್ಲಿ ನಾವು ಅಂಗಾತ ಮಲಗಿಸಿದ ಬಾಡಿಯ ಕೆನ್ನೆಗೆ ಚೆನ್ನಾಗಿ ಕಾಣಲಿ ಅಂತ ನೇರಳೆ ಬಣ್ಣ ಹಚ್ಚಿದ್ದೆವು. ಸಿನಿಮಾ ನೋಡಿದ ವೈದ್ಯರೊಬ್ಬರು ಮುಗಿದಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಇವರನ್ನು ಯಾರು ತಿರುಗಿಸಿದರು?" ನಾವು ಬರೆಯದ ಕಥೆಯನ್ನು ಬಣ್ಣ ಹೇಳಿಬಿಟ್ಟಿತ್ತು. 12ನೇ ಬಾಡಿಯ ಯೋಚನೆ ನನಗೆ ಹುಟ್ಟಿದ್ದು ಆ ಪ್ರಶ್ನೆಯಿಂದ.

ಮೈ ಸೆಟೆದುಕೊಳ್ಳುವುದಕ್ಕೂ ಲೆಕ್ಕ ಇದೆ. ಒಂದೆರಡು ಗಂಟೆಯಲ್ಲಿ ಶುರು, ಸುಮಾರು 12 ಗಂಟೆಗೆ ಪೂರ್ತಿ, ಇನ್ನೊಂದು 12 ಗಂಟೆ ಹಾಗೇ ಇದ್ದು ಆಮೇಲೆ ನಿಧಾನಕ್ಕೆ ಸಡಿಲ. ಚಳಿಯಲ್ಲಿ ಈ ಕಾಲ ಉದ್ದವಾಗುತ್ತದೆ, ಆದ್ದರಿಂದ ಫ್ರೀಜರ್ ಎಲ್ಲ ಲೆಕ್ಕವನ್ನೂ ಕಲಸಿಬಿಡುತ್ತದೆ. ಕೊಲೆಗಾರನಿಗೆ ಇದು ಗೊತ್ತಿದ್ದರೆ? ಅವನಿಗೆ ಬಾಡಿ ಬಚ್ಚಿಡಲು ಮಾತ್ರವಲ್ಲ, ಸತ್ತ ಸಮಯ ಮರೆಸಲೂ ಫ್ರೀಜರ್ ಬೇಕು. ಒಂದೆರಡು ದಿನದ ಮಟ್ಟಿಗೆ ಬಾಡಿ ಇಡುವ ಕೋಲ್ಡ್ ಚೇಂಬರ್‌ನ ಉಷ್ಣತೆ ಸಾಮಾನ್ಯವಾಗಿ 2ರಿಂದ 4 ಡಿಗ್ರಿ ಸೆಲ್ಸಿಯಸ್. ಆ ಅಂಕಿ ಒಂದು ಶಾಟ್‌ನಲ್ಲಿ ಕಾಣಲಿ. ಮುಂದೆ ಅದು 9 ಆದಾಗ ಯಾರೋ ಬಾಗಿಲು ತೆಗೆದಿದ್ದಾರೆ ಅಂತ ಹೇಳಲು ಮಾತು ಬೇಡ.

ಇನ್ನೆರಡು ಮಾತು. ಸತ್ತ ದೇಹ ಕೊಯ್ದರೆ ರಕ್ತ ಚಿಮ್ಮುವುದಿಲ್ಲ, ತಳ್ಳುವ ಹೃದಯ ಇಲ್ಲ ಅಲ್ವಾ. ಮತ್ತೆ, ವಿದೇಶಿ ಸಿನಿಮಾಗಳಲ್ಲಿ ಭುಜದಿಂದ ಇಳಿಯುವ ವೈ ಆಕಾರದ ಹೊಲಿಗೆ ನೋಡಿರುತ್ತೀರಿ. ನಮ್ಮಲ್ಲಿ ಗದ್ದದ ಕೆಳಗಿನಿಂದ ನೇರವಾಗಿ ಇಳಿಯುವ ಹೊಲಿಗೆಯೇ ಜಾಸ್ತಿ. ಮೇಕಪ್‌ನವರಿಗೆ ಮೊದಲೇ ಹೇಳಿಬಿಡಿ.

ಹಂತ 3: ಕೊಲೆಗಾರ ಯಾರು

ದಯವಿಟ್ಟು ಶವಾಗಾರದ ನೌಕರನನ್ನು ಕೊಲೆಗಾರ ಮಾಡಬೇಡಿ. ಕುಡುಕನಾಗಿ, ಹಲ್ಲು ಕಿರಿಯುವ ವಿಕಾರ ಮನುಷ್ಯನಾಗಿ ತೋರಿಸುವುದೂ ಬೇಡ. ನಾವು ಮುಟ್ಟಲು ಹೆದರುವುದನ್ನು ನಮ್ಮ ಪರವಾಗಿ ಮುಟ್ಟುವವರು ಅವರು. ಹೆಚ್ಚಿನವರು ಕಡಿಮೆ ಸಂಬಳಕ್ಕೆ ದುಡಿಯುವವರು, ಮದುವೆ ಸಂಬಂಧ ಕೇಳುವಾಗ ಕೆಲಸ ಏನೆಂದು ಹೇಳಲು ಹಿಂಜರಿಯುವವರು. ನಿಮ್ಮ ಕಥೆಯ ನಾಯಕ ಅವರೇ ಆಗಲಿ.

ಕೊಲೆಗಾರನಿಗೆ ಬೇಕಾದ್ದು ಎರಡು: ಒಳಗೆ ಬರಲು ಕಾರಣ, ಅನುಮಾನ ಬಾರದ ಮುಖ. ನನ್ನ ಆಯ್ಕೆ ಹೀಗಿದೆ. ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಎರಡು ವರ್ಷದಿಂದ ವಾರವಾರ ಬರುವ ಒಬ್ಬ ಅಣ್ಣ. ಅಪರಿಚಿತ ಶವ ಬಂದಾಗಲೆಲ್ಲ ಅವನಿಗೆ ತೋರಿಸುತ್ತಾರೆ. ಅವನು ನೋಡಿ, ಕಣ್ಣೊರೆಸಿಕೊಂಡು, "ಇವನಲ್ಲ ಸಾರ್" ಅನ್ನುತ್ತಾನೆ. ಬರುವಾಗ ಎಲ್ಲರಿಗೂ ಟೀ ತರುತ್ತಾನೆ. ಗಲಾಟೆಯ ಹೊತ್ತಲ್ಲಿ ಸ್ಟ್ರೆಚರ್‌ಗೆ ಕೈ ಕೊಡುತ್ತಾನೆ. ಅವನಿಗೆ ತಮ್ಮನೇ ಇಲ್ಲ. ಅವನು ಬರುವುದು ತಾನು ಕೊಂದವರನ್ನು ಇನ್ನೊಮ್ಮೆ ನೋಡಲು. ಎರಡನೇ ಸಲ ಸಿನಿಮಾ ನೋಡಿದವರಿಗೆ ಆ "ಇವನಲ್ಲ ಸಾರ್" ಬೇರೆಯೇ ಆಗಿ ಕೇಳಿಸುತ್ತದೆ.

ನಂಬಿಕೆಯೇ ಆಯುಧ ಆಗುವುದಕ್ಕೆ ಬೆಂಗಳೂರು ಕಂಡ ಉದಾಹರಣೆ ಇದೆ. ಸಯನೈಡ್ ಮಲ್ಲಿಕಾ ಎಂದು ಕರೆಸಿಕೊಂಡ ಕೆ.ಡಿ. ಕೆಂಪಮ್ಮ ದೇವಸ್ಥಾನಗಳಲ್ಲಿ ಕಷ್ಟದಲ್ಲಿದ್ದ ಹೆಂಗಸರನ್ನು ಮಾತಾಡಿಸಿ, ಪೂಜೆಯ ನೆಪದಲ್ಲಿ ಸಯನೈಡ್ ಕೊಟ್ಟಳು. 2007ರ ಕೊನೆಗೆ ಸಿಕ್ಕಿಬಿದ್ದಳು. ಇದರಿಂದ ಮನುಷ್ಯ ಸ್ವಭಾವ ಕಲಿಯಿರಿ, ಪ್ರಕರಣವನ್ನು ಎತ್ತಿಕೊಳ್ಳಬೇಡಿ. ಸತ್ತವರ ಮಕ್ಕಳು ನಮ್ಮ ನಡುವೆಯೇ ಇರುತ್ತಾರೆ.

ಸತ್ತವರ ಬಗ್ಗೆ ನನ್ನದೊಂದು ನಿಯಮ ಇದೆ. ಟ್ರೇ ಮೇಲೆ ತೋರಿಸುವ ಪ್ರತಿಯೊಬ್ಬರಿಗೂ ಬದುಕಿದ್ದ ಒಂದು ನಿಮಿಷ ಕೊಡಿ. ಬಿಎಂಟಿಸಿ ಬಸ್ಸಿನಲ್ಲಿ ಪಾಸ್ ಹುಡುಕುತ್ತಿರುವುದು, ಮಗನಿಗೆ ಫೋನ್‌ನಲ್ಲಿ ಸಾರು ಬಿಸಿ ಮಾಡಲು ಹೇಳುವುದು, ಇಷ್ಟೇ ಸಾಕು. ಹೆಂಗಸಿನ ಬಾಡಿ ತೋರಿಸುವಾಗ ಕ್ಯಾಮೆರಾ ಮುಖ, ಕೈ, ಕಾಲು ಬಿಟ್ಟು ಬೇರೆಡೆ ನಿಲ್ಲುವ ಅಗತ್ಯ ಒಂದು ಸಲವೂ ಬರುವುದಿಲ್ಲ.

ಹಂತ 4: ದೆವ್ವ ಇದೆಯೋ ಇಲ್ಲವೋ

ಬರೆಯುವ ಮೊದಲೇ ತೀರ್ಮಾನಿಸಿ. ಅರ್ಧ ಸಿನಿಮಾ ಆದಮೇಲೆ ತೀರ್ಮಾನಿಸುವವರ ಸಿನಿಮಾ ಎರಡೂ ಕಡೆ ಸೋಲುತ್ತದೆ. ಇಟ್ಟರೆ ಒಂದೇ ನಿಯಮ ಇಡಿ. ನನ್ನ ಕಥೆಯಲ್ಲಿ ಸತ್ತವರು ಯಾರಿಗೂ ಏನೂ ಮಾಡುವುದಿಲ್ಲ, ಆದರೆ ಕೊಂದವನು ಕೋಣೆಯಲ್ಲಿದ್ದಾಗ ಟ್ರೇ ಮೇಲಿನ ಎಲ್ಲ ತಲೆಗಳೂ ಅವನ ಕಡೆ ಒಂದು ಅಂಗುಲ ತಿರುಗಿರುತ್ತವೆ. ಅದು ಆಯಿತೋ ಇಲ್ಲವೋ ಅಂತ ನೌಕರನಿಗೂ ಖಾತ್ರಿ ಇಲ್ಲ.

ಹಂತ 5: ಸೆಟ್ ಹಾಕಿ, ನಿಜವಾದ ಜಾಗ ಬೇಡ

ನಿಜವಾದ ಶವಾಗಾರದಲ್ಲಿ ಶೂಟಿಂಗ್ ಮಾಡುವ ಆಸೆ ಬಿಡಿ. ಅಲ್ಲಿ ಸೋಂಕಿನ ಅಪಾಯ ಇದೆ. ಅದಕ್ಕಿಂತ ಮುಖ್ಯವಾಗಿ, ಹೊರಗೆ ಅಳುತ್ತಿರುವವರ ಮುಂದೆ 'ಆ್ಯಕ್ಷನ್' ಅನ್ನಬಾರದು. ಆಸ್ಪತ್ರೆಗೂ ಕಾಲ್ಪನಿಕ ಹೆಸರು ಕೊಡಿ. ಆದರೆ ಸುತ್ತಲಿನ ಊರು ನಿಜ ಇರಲಿ. 1900ರಲ್ಲಿ ಶುರುವಾದ ವಿಕ್ಟೋರಿಯಾ ಆಸ್ಪತ್ರೆ ಇರುವುದು ಕೆ.ಆರ್. ಮಾರ್ಕೆಟ್ ಪಕ್ಕದಲ್ಲೇ. ಬೆಳಕು ಹರಿಯುವ ಮೊದಲೇ ಅಲ್ಲಿ ಹೂವಿನ ಮೂಟೆಗಳು ಇಳಿಯುತ್ತವೆ. ನಿಮ್ಮ ಕಾಲ್ಪನಿಕ ಆಸ್ಪತ್ರೆಯನ್ನೂ ಅಂಥ ಕಡೆ ಇಡಿ. ಮಲ್ಲಿಗೆ, ಸೇವಂತಿಗೆ, ಸುಗಂಧರಾಜ. ಮದುವೆಗೂ ಅದೇ ಹೂವು, ಇಲ್ಲಿಗೂ ಅದೇ ಹೂವು. ಬೆಂಗಳೂರಿನಲ್ಲಿ ಬೆಳೆದವರಿಗೆ ಆ ವಾಸನೆ ತೆರೆಯ ಮೇಲೂ ಬರುತ್ತದೆ.

ಸೆಟ್‌ಗೆ ಪೀಣ್ಯದ ಕಡೆ ಖಾಲಿ ಶೆಡ್ ಬಾಡಿಗೆಗೆ ಹುಡುಕಿ. 30 ಅಡಿಗೆ 20 ಅಡಿ ಜಾಗ ಸಾಕು. ಮೂರು ಸಾಲು, ಸಾಲಿಗೆ ನಾಲ್ಕು ಬಾಗಿಲು, ಒಟ್ಟು 12. ಕಥೆ ಪ್ರಕಾರ ಒಂದು ಖಾಲಿ ಇರಬೇಕು, ಇಲ್ಲ. ಪ್ಲೈವುಡ್ ಚೌಕಟ್ಟಿಗೆ ತೆಳು ಸ್ಟೀಲ್ ಶೀಟ್ ಹೊಡೆಸಿ. ಬಾಗಿಲ ಹಿಡಿಕೆಗಳನ್ನು ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ, ಹಳೇ ಸ್ಟೀಲ್ ಟೇಬಲ್, ಟ್ರಾಲಿಗಳನ್ನು ಗುಜರಿಯಲ್ಲಿ ನೋಡಿ. ನಿಜವಾಗಿ ಎಳೆಯಲು ಬರುವ ಟ್ರೇ ಮೂರು ಇದ್ದರೆ ಸಾಕು, ಉಳಿದ 9 ಬರೀ ಬಾಗಿಲು. ನೆಲ ಮಾತ್ರ ಸ್ವಲ್ಪ ಇಳಿಜಾರಾಗಿ, ಚರಂಡಿ ಜಾಲರಿಯ ಕಡೆ ವಾಲಿರಲಿ. ಗೋಡೆಗೆ ಬಿಳಿ ಟೈಲ್ಸ್, ಎದೆಮಟ್ಟದವರೆಗೆ. ಮೇಲೆ ಸುಣ್ಣ, ಒಂದು ಮೂಲೆಯಲ್ಲಿ ದೇವರ ಕ್ಯಾಲೆಂಡರ್. ಎಲ್ಲವೂ ಹೊಳೆಯುವ ಸ್ಟೀಲ್ ಆದರೆ ನಮ್ಮೂರು ಅನ್ನಿಸುವುದಿಲ್ಲ.

ಹಂತ 6: ಬಾಡಿಯಾಗಿ ಮಲಗುವ ಕಲಾವಿದರು

ಇಲ್ಲಿ ಒಂದು ಮಾತಿಗೂ ರಿಯಾಯಿತಿ ಇಲ್ಲ. ಟ್ರೇ ಒಳಗೆ ಮನುಷ್ಯರನ್ನು ತಳ್ಳುವ ಶಾಟ್ ಇದ್ದರೆ ಆ ಡಬ್ಬದ ಹಿಂಭಾಗ ಪೂರ್ತಿ ತೆರೆದಿರಬೇಕು. ಬಾಗಿಲಿಗೆ ಚಿಲಕ ಇರಲೇಬಾರದು, ಅಯಸ್ಕಾಂತ ಸಾಕು. ಹಿಂದೆ ಒಬ್ಬ ಸಹಾಯಕ ಯಾವಾಗಲೂ ಕೂತಿರಬೇಕು. ಕಲಾವಿದರು ಬೆರಳಿಂದ ಮೂರು ಸಲ ತಟ್ಟಿದರೆ ಶಾಟ್ ಅಲ್ಲಿಗೇ ನಿಲ್ಲಬೇಕು. ತಣ್ಣನೆಯ ಹೊಗೆಗೆ ಡ್ರೈ ಐಸ್ ಬಳಸುವವರು ನೆನಪಿಡಿ: ಅದು ಬಿಡುವುದು ಇಂಗಾಲದ ಡೈಆಕ್ಸೈಡ್, ಗಾಳಿಗಿಂತ ಭಾರ, ಕೆಳಗೆ ಶೇಖರವಾಗುತ್ತದೆ. ನಿಮ್ಮ ಕಲಾವಿದರು ಮಲಗಿರುವುದೂ ಕೆಳಗೇ. ಮುಚ್ಚಿದ ಸೆಟ್‌ನಲ್ಲಿ ಬೇಡವೇ ಬೇಡ. ವಾಸನೆ ನಿಜ ಅನ್ನಿಸಲಿ ಅಂತ ಫಾರ್ಮಾಲಿನ್ ತರುವ ಯೋಚನೆಯೂ ಬೇಡ, ಅದು ಕಣ್ಣಿಗೂ ಶ್ವಾಸಕೋಶಕ್ಕೂ ವಿಷ.

ಸ್ಟೀಲ್ ಟೇಬಲ್ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಕ್ಯಾಮೆರಾಗೆ ಕಾಣದ ಹಾಗೆ ಬೆನ್ನ ಕೆಳಗೆ ತೆಳು ಫೋಮ್ ಇಡಿ. ಒಂದು ಸಲಕ್ಕೆ 15 ನಿಮಿಷಕ್ಕಿಂತ ಜಾಸ್ತಿ ಮಲಗಿಸಬೇಡಿ. ಉಸಿರು ಪೂರ್ತಿ ಬಿಟ್ಟಮೇಲೆ ಹಿಡಿಯಲು ಹೇಳಿ. ಎಳೆದು ಹಿಡಿದರೆ ಎದೆ ಉಬ್ಬಿ ಬದುಕಿರುವುದು ಕಾಣುತ್ತದೆ. ಕತ್ತಿನ ನಾಡಿ ಬಡಿಯುವುದು ಕ್ಲೋಸಪ್‌ನಲ್ಲಿ ಗೊತ್ತಾಗುತ್ತದೆ, ಅಲ್ಲಿ ಬಟ್ಟೆಯ ಅಂಚು ಬರಲಿ. ಮೇಕಪ್‌ಗೆ ಬಿಳಿ ಪೌಡರ್ ಬಳಿಯಬೇಡಿ. ನಮ್ಮ ಮೈಬಣ್ಣ ಸತ್ತಮೇಲೆ ಬೆಳ್ಳಗಾಗುವುದಿಲ್ಲ, ಬೂದಿ ಮುಚ್ಚಿದಂತೆ ಕಳೆ ಇಳಿಯುತ್ತದೆ. ಉಗುರಿನ ಬುಡ, ತುಟಿಯ ಒಳಭಾಗ ನೀಲಿಯಾಗಲಿ.

ದಿನದ ಕೆಲಸ ಮುಗಿದಮೇಲೆ ಅವರಿಗೆ ಬಿಸಿನೀರು, ಬಿಸಿ ಊಟ, ಮನೆಯವರೆಗೆ ಗಾಡಿ. ನಮ್ಮ ಸೆಟ್‌ನಲ್ಲಿ ಬಾಡಿಯಾಗಿ ಮಲಗಿದ್ದ ಹಿರಿಯ ರಂಗ ಕಲಾವಿದೆಯೊಬ್ಬರು ಏಳುವಾಗ ಪ್ರತಿ ಸಲ ಯೂನಿಟ್‌ನ ಯಾರಾದರೂ "ಅಮ್ಮಾ, ಎದ್ದೇಳಿ" ಅಂತ ಕರೆಯಬೇಕೆಂದು ಕೇಳಿಕೊಂಡರು. ನಾನು ಈಗಲೂ ಅದನ್ನು ಪಾಲಿಸುತ್ತೇನೆ.

ಹಂತ 7: ಬೆಳಕು ಮತ್ತು ಕ್ಯಾಮೆರಾ

ಹಳೇ ಟ್ಯೂಬ್‌ಲೈಟ್‌ಗಳೇ ಈ ಸಿನಿಮಾದ ಬೆಳಕು. ಆದರೆ ನಮ್ಮ ಕರೆಂಟ್ 50 ಹರ್ಟ್ಸ್. ಸೆಕೆಂಡಿಗೆ 24 ಫ್ರೇಮ್ ಓಡಿಸಿ 180 ಡಿಗ್ರಿ ಷಟರ್ ಇಟ್ಟರೆ ಚಿತ್ರದಲ್ಲಿ ಮಿಣುಕು ಬರಬಹುದು. ಷಟರ್ ಕೋನ 172.8 ಡಿಗ್ರಿಗೆ ಇಳಿಸಿ, ಅಂದರೆ ಪ್ರತಿ ಫ್ರೇಮ್‌ಗೆ ಬೆಳಕು ಬೀಳುವುದು ಸೆಕೆಂಡಿನ 50ನೇ ಒಂದು ಭಾಗ. ಬೇಕೆಂದೇ ಮಿಣುಕಿಸುವ ದೃಶ್ಯಕ್ಕೆ ಕೆಟ್ಟ ಚೋಕ್ ನಂಬಬೇಡಿ, ಡಿಮ್ಮರ್ ಇರುವ ಎಲ್‌ಇಡಿ ಟ್ಯೂಬ್ ಬಳಸಿ. ಒಂದೇ ಮಿಣುಕನ್ನು ಹತ್ತು ಟೇಕ್‌ಗೂ ಕೊಡಬಹುದು.

ಮೊದಲ ಅರ್ಧ ಗಂಟೆ ಕ್ಯಾಮೆರಾ ಅಲುಗಾಡುವುದೇ ಬೇಡ. 12 ಬಾಗಿಲನ್ನೂ ಒಂದೇ ಫ್ರೇಮ್‌ನಲ್ಲಿ, ಒಂದೇ ಜಾಗದಿಂದ, ಕನಿಷ್ಠ ಐದು ಸಲ ತೋರಿಸಿ. ಪ್ರೇಕ್ಷಕರು ಗೊತ್ತಿಲ್ಲದೆಯೇ ಎಣಿಸಲು ಕಲಿಯುತ್ತಾರೆ.

ಹಂತ 8: ಶಬ್ದ

ಫ್ರೀಜರ್ ಕಂಪ್ರೆಸರ್‌ನ ಗುಂಯ್ ಶಬ್ದವನ್ನು ಮೊದಲ ದೃಶ್ಯದಿಂದಲೇ ಕೆಳದನಿಯಲ್ಲಿ ಓಡಿಸಿ. ಹತ್ತು ನಿಮಿಷಕ್ಕೆ ಕಿವಿ ಅದನ್ನು ಮರೆಯುತ್ತದೆ. ಆಮೇಲೆ ಕರೆಂಟ್ ಹೋಗಲಿ. ಜನರೇಟರ್ ಹತ್ತಿಕೊಳ್ಳುವ ಮುಂಚಿನ ಆ ಕೆಲವು ಸೆಕೆಂಡ್ ಪೂರ್ತಿ ನಿಶ್ಶಬ್ದ. ಸಿನಿಮಾದ ದೊಡ್ಡ ಭಯ ಅಲ್ಲಿರಲಿ. ಅಲ್ಲಿ ಸಂಗೀತ ಹಾಕಿದರೆ ಅದು ಸತ್ತುಹೋಗುತ್ತದೆ.

ಸೆಟ್‌ನಲ್ಲೇ ಧ್ವನಿ ಹಿಡಿಯುವವರು ತಗಡಿನ ಶೆಡ್ ಮೇಲೆ ಮಳೆ ಬಿದ್ದರೆ ಆ ರಾತ್ರಿ ಕಳೆದುಕೊಂಡ ಹಾಗೆ. ಡಿಸೆಂಬರ್‌ನಿಂದ ಫೆಬ್ರವರಿ ನಡುವೆ ಬೆಂಗಳೂರಿನಲ್ಲಿ ಮಳೆ ಕಡಿಮೆ, ಶೆಡ್ಯೂಲ್ ಅಲ್ಲಿಗೆ ಹಾಕಿ.

ಹಂತ 9: ಕಾಗದದ ಕೆಲಸ

ಟೈಟಲ್ ಅನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಬೇಗ ನೋಂದಾಯಿಸಿ. ಸೆನ್ಸಾರ್ ಬಗ್ಗೆ ಸ್ಕ್ರಿಪ್ಟ್ ಹಂತದಲ್ಲೇ ಯೋಚಿಸಿ. ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ. 2023ರ ಕಾಯ್ದೆ ತಿದ್ದುಪಡಿ ಆದಮೇಲೆ ಯು/ಎ ದರ್ಜೆ 7+, 13+, 16+ ಅಂತ ಮೂರಾಗಿದೆ. ಈ ಥರದ ಕಥೆಗೆ 16+ ಅಥವಾ ಎ ಬರುವ ಸಾಧ್ಯತೆ ಜಾಸ್ತಿ. ಎ ಬಂದರೆ ಟಿವಿ ಪ್ರಸಾರಕ್ಕೆ ಬೇರೆ ಪ್ರಮಾಣಪತ್ರ ಬೇಕಾಗುತ್ತದೆ, ಹಕ್ಕು ಮಾರುವಾಗ ಇದು ಲೆಕ್ಕಕ್ಕೆ ಬರುತ್ತದೆ. ಅನಗತ್ಯ ಕ್ರೌರ್ಯ ಬೇಡ ಅನ್ನುತ್ತವೆ ಮಾರ್ಗಸೂಚಿಗಳು. ನೀವು ಇಲ್ಲಿವರೆಗಿನ ಹಂತಗಳನ್ನು ಪಾಲಿಸಿದ್ದರೆ ಕತ್ತರಿಸಲು ಅವರಿಗೆ ಜಾಸ್ತಿ ಸಿಗುವುದಿಲ್ಲ.

ಹಂತ 10: ಎಡಿಟ್ ಲಾಕ್ ಮಾಡುವ ಮೊದಲು

ಸಿನಿಮಾ ರಂಗದವರಲ್ಲದ ಹತ್ತು ಜನರನ್ನು ಕೂರಿಸಿ. ಪಕ್ಕದ ಮನೆಯವರು, ಅಕ್ಕನ ಸ್ನೇಹಿತೆಯರು, ಹಾಲಿನ ಬೂತಿನವರು. ಹಿನ್ನೆಲೆ ಸಂಗೀತ ಹಾಕದ ಪ್ರತಿಯನ್ನೇ ತೋರಿಸಿ. ಸಂಗೀತ ಇಲ್ಲದೆ ಹೆದರದವರನ್ನು ಸಂಗೀತ ಬೆಚ್ಚಿಬೀಳಿಸಬಹುದು, ಅಷ್ಟೇ.

ಇಂಟರ್‌ವಲ್‌ಗೆ ನಿಲ್ಲಿಸಿ ಎರಡು ಪ್ರಶ್ನೆ ಕೇಳಿ. ಒಳಗೆ ಎಷ್ಟು ಬಾಡಿ ಇವೆ? ಅವರಲ್ಲಿ ಯಾರಾದರೂ ಮೂವರ ಹೆಸರು ಹೇಳಿ.

12 ಅನ್ನುವುದನ್ನು ಹೆಚ್ಚಿನವರು ಹೇಳುತ್ತಾರೆ, ಫ್ರೇಮ್ ಅದನ್ನು ಕಲಿಸಿರುತ್ತದೆ. ಹೆಸರು ಬರದಿದ್ದರೆ ಮತ್ತೆ ಎಡಿಟ್ ಟೇಬಲ್‌ಗೆ ಹೋಗಿ. ಕೊಲೆಗಾರನ ದೃಶ್ಯಗಳಿಂದ ಐದು ನಿಮಿಷ ತೆಗೆದು, ಬಸ್ ಪಾಸ್ ಹುಡುಕುತ್ತಿದ್ದ ಆ ಹೆಂಗಸಿಗೆ ಕೊಡಿ.